ಏ.ಸಿ.ಯ ಅಧಿಕ ವಿದ್ಯುತ್ ಬಳಕೆ: ರಿಪೇರಿಗೂ ಮುನ್ನ ಲೆಕ್ಕ

ಏಪ್ರಿಲ್ ತಿಂಗಳ ವಿದ್ಯುತ್ ಬಿಲ್ ಗ್ರಾಹಕರ ಕೈಸೇರುತ್ತಿದ್ದಂತೆಯೇ ಹವಾನಿಯಂತ್ರಕಗಳ ಮಾರಾಟ ಮತ್ತು ದುರಸ್ತಿಯಲ್ಲಿ ತೊಡಗಿರುವ ವರ್ತಕರ ಅಂಗಡಿಗಳಿಗೆ ಒಂದೇ ಬಗೆಯ ದೂರು ಬರತೊಡಗುತ್ತದೆ: "ಏ.ಸಿ. ಕರೆಂಟ್ ಬಹಳ ಎಳೆಯುತ್ತಿದೆ." ಅಂಗಡಿಯಿಂದ ಹುಡುಗನೊಬ್ಬ ಗೇಜು, ಸಿಲಿಂಡರ್‌ಗಳೊಂದಿಗೆ ಹೋಗುತ್ತಾನೆ. ಹತ್ತು ನಿಮಿಷದಲ್ಲಿ ಗ್ಯಾಸ್ ಕಡಿಮೆಯಾಗಿದೆ ಎಂಬ ತೀರ್ಮಾನವಾಗುತ್ತದೆ, ತುಂಬಿಸುವುದೂ ಆಗುತ್ತದೆ. ಎರಡು-ಮೂರು ಸಾವಿರ ರೂಪಾಯಿ ತೆತ್ತ ಗ್ರಾಹಕ ಮುಂದಿನ ಬಿಲ್‌ಗಾಗಿ ಕಾಯುತ್ತಾನೆ. ಮೇ ತಿಂಗಳ ಬಿಲ್ ಏಪ್ರಿಲ್‌ಗಿಂತಲೂ ಹೆಚ್ಚಾಗಿ ಬಂದಾಗ ಆತ ಶಪಿಸುವುದು ಯಂತ್ರವನ್ನಲ್ಲ, ಅಂಗಡಿಯನ್ನು.

ಈ ಪ್ರಸಂಗದಲ್ಲಿ ಎಲ್ಲಿಯೂ ಒಂದು ಅಳತೆ ನಡೆದಿಲ್ಲ ಎಂಬುದನ್ನು ಗಮನಿಸಬೇಕು. ಯಂತ್ರ ಎಷ್ಟು ಎಳೆಯಬೇಕಾಗಿತ್ತು, ಎಷ್ಟು ಎಳೆಯುತ್ತಿದೆ, ಎಷ್ಟು ಹೊತ್ತು ಎಳೆಯುತ್ತಿದೆ ಎಂಬ ಮೂರು ಪ್ರಶ್ನೆಗಳನ್ನು ಗ್ರಾಹಕನೂ ಕೇಳಲಿಲ್ಲ, ಕೆಲಸಗಾರನೂ ಕೇಳಲಿಲ್ಲ. ದಾಸ್ತಾನು ಕಡಿಮೆ ಬಂದಾಗ ಎಣಿಕೆ ಮಾಡದೆಯೇ ಗುಮಾಸ್ತನನ್ನು ಕೆಲಸದಿಂದ ತೆಗೆಯುವ ವರ್ತಕ ಯಾರೂ ಇಲ್ಲ. ಏ.ಸಿ.ಯ ವಿಷಯದಲ್ಲಿ ಮಾತ್ರ ಅದೇ ವರ್ತಕ ಎಣಿಕೆಯನ್ನು ಬಿಟ್ಟು ಊಹೆಗೆ ಹಣ ತೆರುತ್ತಾನೆ.

ಪರಿಶೀಲನೆ ಯಂತ್ರದಿಂದಲ್ಲ, ಬಿಲ್‌ನಿಂದಲೇ ಆರಂಭವಾಗಬೇಕು. ಬೇಸಿಗೆಯ ಬಿಲ್‌ನಲ್ಲಿ ಏರಿರುವ ಮೊತ್ತವೆಲ್ಲ ವಿದ್ಯುತ್ ಬಳಕೆಯ ಮೊತ್ತವಾಗಿರುವುದಿಲ್ಲ. ಹಿಂದಿನ ವರ್ಷದ ಸರಾಸರಿ ಬಳಕೆಯ ಆಧಾರದ ಮೇಲೆ ವಿದ್ಯುತ್ ಸರಬರಾಜು ಕಂಪನಿಗಳು ಕೇಳುವ ಹೆಚ್ಚುವರಿ ಭದ್ರತಾ ಠೇವಣಿ ಸಾಮಾನ್ಯವಾಗಿ ಈ ತಿಂಗಳುಗಳಲ್ಲೇ ಬರುತ್ತದೆ. ಅದು ಗ್ರಾಹಕನ ಹೆಸರಿನಲ್ಲೇ ಉಳಿಯುವ, ಬಡ್ಡಿ ಬರುವ ಠೇವಣಿಯೇ ಹೊರತು ಖರ್ಚಲ್ಲ. ಮನೆಗೆ ಬೀಗ ಹಾಕಿದ್ದ ತಿಂಗಳಿಗೆ ಸರಾಸರಿ ಬಿಲ್ ಬಂದು ಮುಂದಿನ ತಿಂಗಳಲ್ಲಿ ಅದರ ವ್ಯತ್ಯಾಸ ಸೇರಿರಬಹುದು. ಮೀಟರ್ ಓದುವವರು ನಾಲ್ಕು ದಿನ ತಡವಾಗಿ ಬಂದಿದ್ದರೆ 30 ದಿನದ ಬದಲು 34 ದಿನದ ಬಳಕೆ ಒಂದೇ ಬಿಲ್‌ನಲ್ಲಿ ಕೂತಿರುತ್ತದೆ. ಆದ್ದರಿಂದ ಹೋಲಿಸಬೇಕಾದುದು ರೂಪಾಯಿಯನ್ನಲ್ಲ, ದಿನವೊಂದಕ್ಕೆ ಬಿದ್ದ ಯೂನಿಟ್ಟನ್ನು. ಹೋಲಿಕೆ ಕಳೆದ ತಿಂಗಳಿನೊಂದಿಗೆ ಅಲ್ಲ, ಕಳೆದ ವರ್ಷದ ಅದೇ ತಿಂಗಳಿನೊಂದಿಗೆ ಇರಬೇಕು.

"ಸರ್ಕಾರ ದರ ಏರಿಸಿದೆ" ಎಂಬ ಸಾಮಾನ್ಯ ವಿವರಣೆಯನ್ನೂ ಪರೀಕ್ಷಿಸದೆ ಒಪ್ಪುವಂತಿಲ್ಲ. ಕರ್ನಾಟಕದಲ್ಲಿ 2024ರ ಏಪ್ರಿಲ್‌ನಿಂದ ಗೃಹಬಳಕೆಯ ಸ್ಲ್ಯಾಬ್‌ಗಳನ್ನು ತೆಗೆದು ಒಂದೇ ದರ ಮಾಡಿದಾಗ, ತಿಂಗಳಿಗೆ 100 ಯೂನಿಟ್ ಮೀರಿ ಬಳಸುವವರಿಗೆ ಯೂನಿಟ್‌ಗೆ 7 ರೂಪಾಯಿ ಇದ್ದುದು 5 ರೂಪಾಯಿ 90 ಪೈಸೆಗೆ ಇಳಿಯಿತು. 2025-26ಕ್ಕೆ ಅದು 5 ರೂಪಾಯಿ 80 ಪೈಸೆಯಾಯಿತು. ಆ ವರ್ಷ ಏರಿದ್ದು ನಿಗದಿತ ಶುಲ್ಕ. ಜೊತೆಗೆ ನೌಕರರ ಪಿಂಚಣಿ-ಗ್ರಾಚ್ಯುಯಿಟಿಯ ಬಾಬ್ತು ಯೂನಿಟ್‌ಗೆ 36 ಪೈಸೆ ಸೇರಿತು. ತೆರಿಗೆಯೂ ಕೂಡಿದರೆ ಯೂನಿಟ್ಟೊಂದಕ್ಕೆ ಗ್ರಾಹಕನಿಗೆ ಬೀಳುವುದು 6ರಿಂದ 7 ರೂಪಾಯಿಯ ನಡುವೆ. ಲೆಕ್ಕದ ಅನುಕೂಲಕ್ಕೆ 6 ರೂಪಾಯಿ 50 ಪೈಸೆ ಎಂದಿಟ್ಟುಕೊಳ್ಳಬಹುದು. ಏ.ಸಿ. ಇಟ್ಟುಕೊಂಡ ಮನೆಯ ಬಿಲ್ ದುಪ್ಪಟ್ಟಾಗಿದ್ದರೆ ಅದಕ್ಕೆ ದರ ಕಾರಣವಲ್ಲ.

ಕಲಬುರಗಿಯಂತಹ ನಗರದ ಒಂದು ವರ್ತಕ ಕುಟುಂಬವನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಮನೆಯ ಜನವರಿ ಬಿಲ್ 110 ಯೂನಿಟ್. ಬೇಸಿಗೆಯಲ್ಲಿ ಫ್ಯಾನು, ಫ್ರಿಜ್ಜುಗಳ ಹೆಚ್ಚುವರಿ ಕೆಲಸಕ್ಕೆ 30 ಯೂನಿಟ್ ಸೇರಿಸಿದರೆ ಏ.ಸಿ. ಹೊರತಾದ ಬಳಕೆ 140. ಕಳೆದ ವರ್ಷ ಮೇ ತಿಂಗಳಲ್ಲಿ ಬಿಲ್ 310 ಯೂನಿಟ್ ಇದ್ದಿತು, ಈ ವರ್ಷ ಅದೇ ತಿಂಗಳಿಗೆ 430. ಅಂದರೆ ಏ.ಸಿ.ಯ ಪಾಲು 170ರಿಂದ 290ಕ್ಕೆ ಏರಿದೆ, ವ್ಯತ್ಯಾಸ 120 ಯೂನಿಟ್. ಈ 120ನ್ನು ಇಡಿಯಾಗಿ ಯಂತ್ರದ ತಲೆಗೆ ಕಟ್ಟುವುದು ರೂಢಿ. ಆದರೆ ಕಳೆದ ವರ್ಷ ದಿನಕ್ಕೆ 7 ಗಂಟೆ ಓಡುತ್ತಿದ್ದ ಯಂತ್ರ, ಮನೆಯ ಹಿರಿಯರ ಅನಾರೋಗ್ಯದಿಂದಾಗಿ ಈ ವರ್ಷ ದಿನಕ್ಕೆ 9 ಗಂಟೆ ಓಡಿದೆ.

ಪ್ರಮಾಣಿತ ವೆಚ್ಚ ಪದ್ಧತಿಯನ್ನು ಬಿ.ಕಾಂ. ತರಗತಿಯಲ್ಲಿ ಓದಿದವರಿಗೆಲ್ಲ ಮುಂದಿನ ಲೆಕ್ಕ ಪರಿಚಿತವೇ. ಕಳೆದ ವರ್ಷ 210 ಗಂಟೆಗೆ 170 ಯೂನಿಟ್, ಅಂದರೆ ಗಂಟೆಗೆ 0.81. ಅದೇ ಗತಿಯಲ್ಲಿ ಈ ವರ್ಷದ 270 ಗಂಟೆಗೆ 219 ಯೂನಿಟ್ ಆಗಬೇಕಿತ್ತು. ಆದ್ದರಿಂದ ಹೆಚ್ಚುವರಿ 120ರಲ್ಲಿ 49 ಯೂನಿಟ್ ಗಂಟೆಗಳದ್ದು, ಅದಕ್ಕೆ ಯಂತ್ರ ಹೊಣೆಯಲ್ಲ. ಉಳಿದ 71 ಯೂನಿಟ್ ದಕ್ಷತೆಯ ಕುಸಿತದ್ದು. ಗಂಟೆಗೆ 0.81 ಇದ್ದುದು 1.07 ಆಗಿದೆ. ತಿಂಗಳಿಗೆ ಸುಮಾರು 460 ರೂಪಾಯಿಯ ಈ 71 ಯೂನಿಟ್ ಮಾತ್ರವೇ ಮೆಕ್ಯಾನಿಕ್ ಹುಡುಕಬೇಕಾದ ಕಳ್ಳ. ಬೇಸಿಗೆಯ ಮೂರು-ನಾಲ್ಕು ತಿಂಗಳಿಗೆ ಇದು ಎಷ್ಟಾಗುತ್ತದೆ ಎಂದು ನೋಡಿದ ಮೇಲೆ ಎಷ್ಟು ರೂಪಾಯಿಯ ದುರಸ್ತಿ ಸಮಂಜಸ ಎಂಬುದು ತಾನಾಗಿಯೇ ನಿರ್ಧಾರವಾಗುತ್ತದೆ.

ಕಳೆದ ವರ್ಷದ ಬಿಲ್ ಇಲ್ಲದವರಿಗೆ, ಹೊಸದಾಗಿ ಯಂತ್ರ ಕೊಂಡವರಿಗೆ, ಪ್ರಮಾಣವನ್ನು ಒದಗಿಸುವುದು ಯಂತ್ರದ ಮೇಲಿನ ನಕ್ಷತ್ರ ಚೀಟಿ. ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಈ ಯೋಜನೆಯನ್ನು ಆರಂಭಿಸಿತು. ಕೊಠಡಿ ಏ.ಸಿ.ಗಳಿಗೆ 2010ರ ಜನವರಿಯಿಂದ ಇದು ಕಡ್ಡಾಯ. ಗ್ರಾಹಕರು ನಕ್ಷತ್ರಗಳನ್ನಷ್ಟೇ ಎಣಿಸುತ್ತಾರೆ. ಮಾನದಂಡ ಕಾಲಕಾಲಕ್ಕೆ ಬಿಗಿಯಾಗುವುದರಿಂದ ಹಳೆಯ ಐದು ನಕ್ಷತ್ರಕ್ಕೂ ಹೊಸ ಐದು ನಕ್ಷತ್ರಕ್ಕೂ ಹೋಲಿಕೆಯೇ ಸಲ್ಲದು. ನೋಡಬೇಕಾದುದು ಅದರಲ್ಲಿ ಬರೆದಿರುವ ಐಎಸ್‌ಇಇಆರ್ ಎಂಬ ಅಂಕಿ ಮತ್ತು ವಾರ್ಷಿಕ ಯೂನಿಟ್ ಬಳಕೆ. ಆ ವಾರ್ಷಿಕ ಬಳಕೆಯನ್ನು 1,600 ಗಂಟೆಗೆ ಲೆಕ್ಕ ಹಾಕಲಾಗಿರುತ್ತದೆ. ಚೀಟಿಯಲ್ಲಿ 960 ಯೂನಿಟ್ ಎಂದಿದ್ದರೆ ಗಂಟೆಗೆ 0.6 ಯೂನಿಟ್. ಆದರೆ ಆ ಲೆಕ್ಕದಲ್ಲಿ ಹೊರಗಿನ ತಾಪ 24 ಡಿಗ್ರಿಯಿಂದ 43 ಡಿಗ್ರಿಯವರೆಗಿನ ಎಲ್ಲ ಗಂಟೆಗಳೂ ಸೇರಿವೆ. ಕಲಬುರಗಿ, ರಾಯಚೂರುಗಳ ಮೇ ತಿಂಗಳ ಮಧ್ಯಾಹ್ನಗಳಿಗೆ ಈ ಸರಾಸರಿ ಅನ್ವಯಿಸದು. ಯಂತ್ರದ ಸಾಮರ್ಥ್ಯವನ್ನು ಅಳೆಯುವುದೇ ಹೊರಗೆ 35 ಡಿಗ್ರಿ ಇರುವಾಗ. 42 ಡಿಗ್ರಿಯಲ್ಲಿ ಅದು ಹೆಚ್ಚು ವಿದ್ಯುತ್ ಎಳೆದು ಕಡಿಮೆ ತಂಪು ಕೊಡುವುದು ಭೌತವಿಜ್ಞಾನದ ನಿಯಮ, ವರ್ತಕನ ಮೋಸವಲ್ಲ. ಈ ಮಾತನ್ನು ಮಾರುವಾಗಲೇ ಹೇಳಿದರೆ ಮೇ ತಿಂಗಳ ಜಗಳಗಳು ಅರ್ಧಕ್ಕರ್ಧ ಕಡಿಮೆಯಾದಾವು. ಮಾರುವಾಗ ಹೇಳುವುದು ಮಾತ್ರ ನಕ್ಷತ್ರಗಳ ಸಂಖ್ಯೆ.

ಇನ್ನು ಯಂತ್ರದ ಪರೀಕ್ಷೆ. ಇದಕ್ಕೆ ಬೇಕಾದ ಉಪಕರಣ ಪ್ರತಿ ಮನೆಯ ಗೋಡೆಯ ಮೇಲೆಯೇ ಇದೆ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿಣುಕುವ ಕೆಂಪು ದೀಪ ಒಂದು ಯೂನಿಟ್ಟಿಗೆ ಎಷ್ಟು ಬಾರಿ ಮಿಣುಕುತ್ತದೆ ಎಂಬುದು ಮೀಟರಿನ ಮೇಲೆಯೇ ಮುದ್ರಿತವಾಗಿರುತ್ತದೆ. 3,200 ಎಂದಿದೆ ಎನ್ನೋಣ. ಮೊದಲು ಮನೆಯ ಎಲ್ಲ ಸ್ವಿಚ್ಚುಗಳನ್ನೂ ಫ್ರಿಜ್ಜನ್ನೂ ಆರಿಸಬೇಕು. ಆಗಲೂ ದೀಪ ಸರಿಯಾಗಿ ಮಿಣುಕುತ್ತಿದ್ದರೆ ದೋಷ ವೈರಿಂಗ್‌ನಲ್ಲೋ ಮೀಟರಿನಲ್ಲೋ ಇದೆ, ಏ.ಸಿ.ಯನ್ನು ಬಿಚ್ಚುವ ಅಗತ್ಯವೇ ಇಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು, ಅಥವಾ ಶುಲ್ಕ ಕಟ್ಟಿ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಬೇಕು. ದೀಪ ನಿಂತಿದ್ದರೆ ಏ.ಸಿ. ಒಂದನ್ನೇ ಹಚ್ಚಿ, ಕನಿಷ್ಠ ತಾಪಕ್ಕಿಟ್ಟು, ಕಾಲು ಗಂಟೆ ಬಿಟ್ಟು ಒಂದು ನಿಮಿಷದ ಮಿಣುಕು ಎಣಿಸಬೇಕು. ನಿಮಿಷಕ್ಕೆ 80 ಬಾರಿಯಾದರೆ ಗಂಟೆಗೆ 4,800. ಅದನ್ನು 3,200ರಿಂದ ಭಾಗಿಸಿದರೆ 1.5 ಕಿಲೋವ್ಯಾಟ್. ಒಂದೂವರೆ ಟನ್ನಿನ ಯಂತ್ರ ಪೂರ್ಣ ಶಕ್ತಿಯಲ್ಲಿ ಎಳೆಯುವುದು ಹೆಚ್ಚೂಕಡಿಮೆ ಇಷ್ಟೇ. ನಿಖರ ಅಂಕಿ ಯಂತ್ರದ ಫಲಕದ ಮೇಲಿರುತ್ತದೆ.

ಈ ಒಂದು ನಿಮಿಷದ ಎಣಿಕೆ ರೋಗವನ್ನು ಎರಡಾಗಿ ವಿಂಗಡಿಸುತ್ತದೆ. ಗ್ರಾಹಕರೂ ಅನೇಕ ಕೆಲಸಗಾರರೂ ತಪ್ಪುವುದು ಇಲ್ಲಿಯೇ.

ಎಳೆತ ಫಲಕದ ಅಂಕಿಗಿಂತ ಬಹಳ ಮೇಲಿದ್ದರೆ ಕಂಪ್ರೆಸರ್ ಮೇಲೆ ಒತ್ತಡ ಬಿದ್ದಿದೆ ಎಂದರ್ಥ. ಹೊರಗಿನ ಘಟಕ ಶಾಖವನ್ನು ಹೊರಹಾಕಲಾರದೆ ಒದ್ದಾಡುತ್ತಿದೆ. ಅದರ ಕಾಯಿಲ್‌ನ ಹಲ್ಲುಗಳ ನಡುವೆ ಧೂಳು ಕಟ್ಟಿರಬಹುದು. ದಾಲ್ ಮಿಲ್‌ಗಳಿರುವ ಬಡಾವಣೆಗಳಲ್ಲಿ ಹೊಟ್ಟು, ಧೂಳು ಸೇರಿ ಅಲ್ಲೊಂದು ಕಂಬಳಿಯೇ ಬೆಳೆದಿರುತ್ತದೆ. ಘಟಕವನ್ನು ಗೋಡೆಗೆ ಒತ್ತಿ ಇಟ್ಟಿರಬಹುದು, ಕಳ್ಳರ ಭಯಕ್ಕೆ ಪೆಟ್ಟಿಗೆಯಂತೆ ಗ್ರಿಲ್ ಹಾಕಿಸಿರಬಹುದು, ಮೇಲೆ ತಗಡು ಹೊದಿಸಿರಬಹುದು. ಆಗ ತಾನು ಉಗುಳಿದ ಬಿಸಿಗಾಳಿಯನ್ನೇ ಅದು ಮತ್ತೆ ಉಸಿರಾಡುತ್ತದೆ. ಹೊರಗಿನ ಫ್ಯಾನ್ ನಿಧಾನವಾಗಿರಬಹುದು. ಹಳೆಯ, ಇನ್ವರ್ಟರ್ ಅಲ್ಲದ ಯಂತ್ರಗಳಲ್ಲಿ ಕೆಲವು ನೂರು ರೂಪಾಯಿಯ ಕೆಪಾಸಿಟರ್ ದುರ್ಬಲವಾಗಿರಬಹುದು, ವೋಲ್ಟೇಜ್ ಕುಸಿದಿರಬಹುದು. ಇನ್ನೊಂದು ಸಂಭವವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಕಳೆದ ಬಾರಿ ಬಂದವನು ಅಗತ್ಯಕ್ಕಿಂತ ಹೆಚ್ಚು ಗ್ಯಾಸ್ ತುಂಬಿ ಹೋಗಿರಬಹುದು. ಹೆಚ್ಚಾದ ಗ್ಯಾಸ್ ಎಳೆತವನ್ನು ಏರಿಸುತ್ತದೆ.

ಎಳೆತ ಫಲಕದ ಅಂಕಿಯಷ್ಟೇ ಇದ್ದು, ಅಥವಾ ಅದಕ್ಕಿಂತ ಕಡಿಮೆಯಿದ್ದು, ಬಿಲ್ ಮಾತ್ರ ಏರಿದ್ದರೆ ಯಂತ್ರ ವಿಶ್ರಾಂತಿಯಿಲ್ಲದೆ ಓಡುತ್ತಿದೆ. ಗ್ಯಾಸ್ ಕಡಿಮೆಯಾಗಿರುವ ಯಂತ್ರ ಈ ವರ್ಗಕ್ಕೆ ಸೇರುತ್ತದೆ. ಅದು ಹೆಚ್ಚು ಕರೆಂಟ್ ಎಳೆಯುತ್ತದೆ ಎಂಬುದು ತಪ್ಪು ನಂಬಿಕೆ. ಸಾಮಾನ್ಯವಾಗಿ ಅದು ಕಡಿಮೆಯೇ ಎಳೆಯುತ್ತದೆ, ಆದರೆ ಕೋಣೆ ತಣ್ಣಗಾಗದ ಕಾರಣ ನಿಲ್ಲುವುದೇ ಇಲ್ಲ. ಒಳಗಿನ ಫಿಲ್ಟರ್ ಕಟ್ಟಿದ್ದರೂ ಇದೇ ಲಕ್ಷಣ. ಒಳಘಟಕ ಎಳೆದುಕೊಳ್ಳುವ ಗಾಳಿಗೂ ಬಿಡುವ ಗಾಳಿಗೂ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಅಂತರವಿರಬೇಕು. ಫಿಲ್ಟರ್ ತೊಳೆದ ಮೇಲೂ, ಯಂತ್ರ ಪೂರ್ಣ ಶಕ್ತಿಯಲ್ಲಿ ಓಡುತ್ತಿರುವಾಗಲೂ ಅಂತರ ತೀರ ಕಡಿಮೆಯಿದ್ದರೆ ಗ್ಯಾಸ್ ಸೋರಿಕೆಯನ್ನು ಶಂಕಿಸಲು ಆಧಾರ ಸಿಕ್ಕಂತಾಯಿತು. ಅಂತರ ಸರಿಯಿದ್ದರೆ ದೋಷ ಕೋಣೆಯದು. ಶಹಾಬಾದ್ ಕಲ್ಲಿನ, ಮಾಳಿಗೆಯಿಲ್ಲದ ಮೇಲ್ಮಹಡಿಯ ಕೋಣೆ ಹಗಲಿಡೀ ಕುಡಿದ ಬಿಸಿಲನ್ನು ನಡುರಾತ್ರಿಯವರೆಗೆ ಕೆಳಗಿಳಿಸುತ್ತಿರುತ್ತದೆ. ಅಂಥ ಕೋಣೆಗೆ ಅಗ್ಗವೆಂದು ಒಂದು ಟನ್ನಿನ ಯಂತ್ರ ಕೂರಿಸಿದರೆ ಇನ್ವರ್ಟರ್ ಆದರೂ ಅದು ವೇಗ ತಗ್ಗಿಸುವ ಹಂತವನ್ನೇ ಮುಟ್ಟುವುದಿಲ್ಲ. ಇನ್ವರ್ಟರ್‌ನ ಉಳಿತಾಯವೆಲ್ಲ ಅಡಗಿರುವುದು ವೇಗ ತಗ್ಗಿಸುವುದರಲ್ಲಿ. ಛಾವಣಿಗೆ ಸುಣ್ಣ ಬಳಿಯುವುದು, ಬಾಗಿಲ ಕೆಳಗಿನ ಸಂದು ಮುಚ್ಚುವುದು ಇಲ್ಲಿ ಗ್ಯಾಸ್‌ಗಿಂತ ಹೆಚ್ಚು ಕೆಲಸ ಮಾಡುತ್ತವೆ. ರಿಮೋಟ್‌ನಲ್ಲಿ 18 ಇಟ್ಟರೆ ಬೇಗ ತಂಪಾಗುತ್ತದೆಂಬ ಭ್ರಮೆಯೂ ಈ ಖಾತೆಗೇ ಸೇರಬೇಕು. 2020ರ ಜನವರಿಯಿಂದ ಹೊಸ ಯಂತ್ರಗಳು 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮ ಬಂದಿತು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಉಳಿತಾಯ ಎಂದು ಬ್ಯೂರೋ ಹೇಳುತ್ತದೆ.

ಗ್ಯಾಸ್ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಏ.ಸಿ.ಯ ಗ್ಯಾಸ್ ವಾಹನದ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುವ ಅದು ಕಡಿಮೆಯಾಗಿದೆ ಎಂದರೆ ಎಲ್ಲಿಯೋ ಸೋರಿಕೆಯಿದೆ. ಸೋರಿಕೆಯನ್ನು ಹುಡುಕಿ ಬೆಸೆಯದೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬುವುದು, ತಾಳೆಯಾಗದ ಮೊತ್ತವನ್ನು ವರ್ಷ ವರ್ಷವೂ ಸಸ್ಪೆನ್ಸ್ ಖಾತೆಗೆ ದೂಡಿದಂತೆ. ಎಷ್ಟು ಗ್ರಾಂ ಗ್ಯಾಸ್ ಇರಬೇಕೆಂಬುದು ಯಂತ್ರದ ಫಲಕದ ಮೇಲೆಯೇ ಇರುತ್ತದೆ. ಸೋರಿಕೆ ಮುಚ್ಚಿ, ನಿರ್ವಾತ ಮಾಡಿ, ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಅಷ್ಟನ್ನೇ ತೂಕ ಮಾಡಿ ತುಂಬಬೇಕು. ಇನ್ವರ್ಟರ್ ಯಂತ್ರದ ಎಳೆತ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಗೇಜು ನೋಡಿ ಅಂದಾಜು ಮಾಡುವ ಹಳೆಯ ಕ್ರಮ ಅಲ್ಲಿ ನಡೆಯದು. ಹೊಸ ಯಂತ್ರಗಳಲ್ಲಿ ಬಹುಪಾಲು ಇರುವ ಆರ್-32 ಗ್ಯಾಸ್ ಅಲ್ಪಪ್ರಮಾಣದಲ್ಲಾದರೂ ಹೊತ್ತಿಕೊಳ್ಳುವಂಥದು. ಆದ್ದರಿಂದ ಅಜಾಗರೂಕತೆಯ ಪ್ರಶ್ನೆ ಹಣಕ್ಕಷ್ಟೇ ಸೀಮಿತವಲ್ಲ. ತೂಗದೆ ಸಕ್ಕರೆ ಮಾರುವ ಕಿರಾಣಿ ಅಂಗಡಿಗೆ ಗಿರಾಕಿ ಎರಡನೆಯ ಬಾರಿ ಹೋಗುವುದಿಲ್ಲ.

ವರ್ತಕರ ಪಕ್ಷವನ್ನೂ ಕೇಳಬೇಕಾದುದು ನ್ಯಾಯ. ಬೇಸಿಗೆಯಲ್ಲಿ ಒಬ್ಬ ಕೆಲಸಗಾರ ದಿನಕ್ಕೆ ಎಂಟು-ಹತ್ತು ಮನೆ ಸುತ್ತಬೇಕು. ಸೋರಿಕೆ ಹುಡುಕುತ್ತ ಒಂದೇ ಮನೆಯಲ್ಲಿ ಮೂರು ಗಂಟೆ ಕೂತರೆ ಉಳಿದವರು ಕೂಗಾಡುತ್ತಾರೆ. ಇದಕ್ಕಿಂತ ಮುಖ್ಯವಾದುದು ಗ್ರಾಹಕನ ಸ್ವಭಾವ. ತಪಾಸಣೆಗೆ 500 ರೂಪಾಯಿ ಎಂದರೆ ಚೌಕಾಸಿಗೆ ನಿಲ್ಲುವ ಅದೇ ಗ್ರಾಹಕ ಗ್ಯಾಸ್‌ಗೆ 3,000 ಎಂದರೆ ಮರುಮಾತಿಲ್ಲದೆ ಎಣಿಸಿಕೊಡುತ್ತಾನೆ. ವಸ್ತುವಿಗೆ ಹಣ ಕೊಡಲು ಒಗ್ಗಿದ ಕೈ ಬುದ್ಧಿಗೆ ಕೊಡಲು ಹಿಂಜರಿಯುತ್ತದೆ. (ಲೆಕ್ಕಪರಿಶೋಧಕರ ಶುಲ್ಕದ ವಿಷಯದಲ್ಲೂ ಈ ಅನುಭವ ಹೊಸತೇನಲ್ಲ.) ಪರಿಣಾಮವಾಗಿ ಸರಿಯಾಗಿ ಪರೀಕ್ಷಿಸುವವನಿಗೆ ನಷ್ಟ, ಪರೀಕ್ಷಿಸದೆ ತುಂಬಿಸುವವನಿಗೆ ಲಾಭ. ನುರಿತವರ ಕೊರತೆಯೂ ನಿಜ. ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ಭಾರತ ತಂಪು ಕ್ರಿಯಾ ಯೋಜನೆ 2022-23ರೊಳಗೆ ಒಂದು ಲಕ್ಷ ಸೇವಾ ತಂತ್ರಜ್ಞರಿಗೆ ತರಬೇತಿ ನೀಡುವ ಗುರಿ ಇಟ್ಟುಕೊಂಡಿದ್ದೇ ಆ ಕೊರತೆಗೆ ಸಾಕ್ಷಿ. ಐಟಿಐಗಳಲ್ಲಿ ಈ ವೃತ್ತಿಯ ಕೋರ್ಸ್ ಇದ್ದರೂ, ಅಂಗಡಿಗಳು ಹೆಚ್ಚಾಗಿ ನೆಚ್ಚಿರುವುದು ಇನ್ನೊಬ್ಬನ ಹಿಂದೆ ಓಡಾಡಿ ಕಲಿತವರನ್ನು.

ಆದರೆ ಈ ಸಮಜಾಯಿಷಿ ಬಹುಕಾಲ ನಡೆಯುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಏ.ಸಿ.ಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಈ ಯಂತ್ರ ಇನ್ನಷ್ಟು ಸಣ್ಣ ಆದಾಯದ ಮನೆಗಳಿಗೆ ಎಟುಕುವಂತಾಗಿದೆ. ಆ ಮನೆಗಳಿಗೆ ನೂರು ಯೂನಿಟ್ಟಿನ ಸೋರಿಕೆ ಬೇಕಿಲ್ಲ, ಹದಿನೈದು ಯೂನಿಟ್ ಸಾಕು. ಕಾರಣ, 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ. ಅರ್ಹತೆಯ ಯೂನಿಟ್‌ಗಳನ್ನು ಮೀರಿಯೂ 200ರ ಒಳಗಿದ್ದವರು ಮೀರಿದಷ್ಟಕ್ಕೆ ಮಾತ್ರ ಹಣ ಕೊಡುತ್ತಾರೆ. 200 ದಾಟಿದ ತಿಂಗಳು ಇಡೀ ಬಿಲ್ ಕಟ್ಟಬೇಕು. ತಿಂಗಳಿಗೆ 150 ಯೂನಿಟ್ ಅರ್ಹತೆಯುಳ್ಳ ಮನೆ ರಾತ್ರಿ ಎರಡು-ಮೂರು ಗಂಟೆ ಏ.ಸಿ. ಹಚ್ಚಿ 190 ಯೂನಿಟ್ ಬಳಸಿದರೆ ತೆರುವುದು 40 ಯೂನಿಟ್‌ಗೆ, ಅಂದಾಜು 260 ರೂಪಾಯಿ. ಕಾಯಿಲ್ ಮೇಲಿನ ಧೂಳಿನಿಂದ ಆ ಬಳಕೆ 205ಕ್ಕೆ ಏರಿತೋ, ಬಿಲ್ 1,330 ರೂಪಾಯಿಯ ಆಸುಪಾಸಿಗೆ ಹಾರುತ್ತದೆ. ಹದಿನೈದು ಯೂನಿಟ್ಟಿಗೆ ಸಾವಿರ ರೂಪಾಯಿಗೂ ಮೀರಿದ ದಂಡ. ಇಂಥ ಮನೆಗೆ ಹೋಗಿ ಊಹೆಯ ಮೇಲೆ ಗ್ಯಾಸ್ ತುಂಬಿ ಬಂದ ಅಂಗಡಿಯ ಹೆಸರು ಓಣಿಯಲ್ಲಿ ಎಷ್ಟು ದಿನ ಉಳಿದೀತು?

ಆದ್ದರಿಂದ ವಾಣಿಜ್ಯ ಸಂಸ್ಥೆಯ ಸದಸ್ಯರಾಗಿರುವ ಏ.ಸಿ. ವರ್ತಕರು ಸ್ವಯಂಪ್ರೇರಣೆಯಿಂದಲೇ ತಮ್ಮ ಸರ್ವಿಸ್ ಬಿಲ್‌ನ ನಮೂನೆಯನ್ನು ಬದಲಿಸುವುದು ಒಳಿತು. ಇಂದು ಬಹುತೇಕ ಬಿಲ್‌ಗಳಲ್ಲಿರುವುದು "ಸರ್ವಿಸ್ ಮತ್ತು ಗ್ಯಾಸ್ ಚಾರ್ಜ್" ಎಂಬ ಒಂದೇ ಸಾಲು, ಎದುರಿಗೊಂದು ಮೊತ್ತ. ಅದರ ಬದಲು ತಪಾಸಣೆಯ ಶುಲ್ಕ ಪ್ರತ್ಯೇಕ ಸಾಲಾಗಬೇಕು. ಅದರ ಕೆಳಗೆ ಆ ಹೊತ್ತಿನ ವೋಲ್ಟೇಜ್, ಕೆಲಸಕ್ಕೆ ಮುನ್ನ ಮತ್ತು ನಂತರದ ಎಳೆತ, ಗಾಳಿಯ ತಾಪದ ಅಂತರ ಇರಬೇಕು. ಗ್ಯಾಸ್ ತುಂಬಿದ್ದರೆ ಎಷ್ಟು ಗ್ರಾಂ, ಸೋರಿಕೆ ಸಿಕ್ಕಿದ್ದು ಎಲ್ಲಿ ಎಂಬುದು ಇರಬೇಕು. ಸೋರಿಕೆ ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಲಿ. ಎಳೆತವನ್ನು ಆಂಪಿಯರ್‌ನಲ್ಲಲ್ಲದೆ ವ್ಯಾಟ್‌ನಲ್ಲಿ ಬರೆಯುವುದು ಉತ್ತಮ. ಹಳೆಯ ಯಂತ್ರಗಳಲ್ಲಿ ಆಂಪಿಯರನ್ನು ವೋಲ್ಟ್‌ನಿಂದ ಗುಣಿಸಿದರೆ ಮೀಟರ್ ತೋರುವುದಕ್ಕಿಂತ ಹೆಚ್ಚು ಬರುತ್ತದೆ, ಮತ್ತೊಂದು ಜಗಳಕ್ಕೆ ದಾರಿಯಾಗುತ್ತದೆ. ಅಳತೆ ಬರೆದು ಕೊಟ್ಟ ಅಂಗಡಿಯವನು ಮುಂದಿನ ತಿಂಗಳು ಬಿಲ್ ಏರಿದರೂ ತಲೆ ಎತ್ತಿ ಮಾತನಾಡಬಲ್ಲ. ಎಳೆತ ಸರಿಯಿತ್ತು, ಗಂಟೆಗಳು ಹೆಚ್ಚಾಗಿವೆ ಎಂದು ತೋರಿಸಲು ಅವನ ಬಳಿ ಕಾಗದವಿರುತ್ತದೆ.

ಇದರಿಂದ ಗ್ಯಾಸ್ ಮಾರಾಟ ಕುಸಿಯುತ್ತದೆ ಎಂಬ ಆತಂಕ ಸುಳ್ಳೇನಲ್ಲ. ಕುಸಿಯುತ್ತದೆ, ಕುಸಿಯಬೇಕಾದುದೂ ಹೌದು. ಅದರ ಬದಲಿಗೆ ಬರುವ ಆದಾಯ ತಪಾಸಣೆಯದು, ಕಾಯಿಲ್ ಶುದ್ಧಿಯದು, ವಾರ್ಷಿಕ ನಿರ್ವಹಣಾ ಒಪ್ಪಂದದ್ದು. ಒಪ್ಪಂದದ ಗ್ರಾಹಕನ ಮನೆಗೆ ಫೆಬ್ರುವರಿಯಲ್ಲೇ ಹೋಗಬಹುದು. ಆಗ ಕೆಲಸಗಾರರಿಗೂ ಬಿಡುವು, ಗ್ರಾಹಕನಿಗೂ ಆತುರವಿಲ್ಲ, ಮೂರು ಗಂಟೆ ಕೂತು ಸೋರಿಕೆ ಹುಡುಕಿದರೂ ಕೂಗಾಡುವವರಿಲ್ಲ. ಹೊಸ ನಮೂನೆಯ ಬಿಲ್ ಪುಸ್ತಕಗಳು ಜನವರಿಯೊಳಗೆ ಅಚ್ಚಾಗಿ ಬಂದರೆ ಮುಂದಿನ ಬೇಸಿಗೆಯ ಮೊದಲ ದೂರಿನಿಂದಲೇ ಅವನ್ನು ಬಳಸಬಹುದು.